ಅಮೆರಿಕಾಕ್ಕೆ ಎಂಟು ಗೋಲು

"ಗೋ...ಲ್!"

ಮಹಾಮಾಯಾಳ ದನಿ ನಾಲ್ಕು ಮೂಲೆಯ ನಾಲ್ಕು ಸ್ಪೀಕರುಗಳಿಂದ ಒಟ್ಟಿಗೇ ಹೊರಬಿತ್ತು. ಔರಾದಿನ ಮೈದಾನದ ಬೇವಿನ ಮರದಲ್ಲಿ ಕೂತಿದ್ದ ಕಾಗೆಗಳು ಹೆದರಿ ಹಾರಿಹೋದವು.

"ಬೀದರ್ ಟೀಮಿಂದು ಐದನೇ ಗೋಲು! ಆದ್ರ ನಮ್ಮ ಡಾಬಕಾದ ಹುಡುಗಿಯರು ಹೆದರೋ ಪೈಕಿ ಅಲ್ಲರೀ! ಯಾಕಂದ್ರ ಇದು ಅಮೆರಿಕಾಕ್ಕ ಎಂಟು ಗೋಲು ಹೊಡದ ದೇಶ! ಗೋಲ್‌ಕೀಪರ್ ಮುನ್ನಿಬೀ ಈಗ ಹ್ಯಾಂಗ ಎದ್ದು ನಿಲ್ತಾಳ ನೋಡ್ರಿ!"

ಮುನ್ನಿಬೀ ಎದ್ದು ನಿಲ್ಲಲಿಲ್ಲ. ಅವಳು ಅಲ್ಲಿ ಇರಲೇ ಇಲ್ಲ. ಗೋಲಿನ ಕಂಬಗಳಿಗೆ ಬಲೆ ಕಟ್ಟಿರಲಿಲ್ಲ. ಚೆಂಡು ಒಳಗೆ ಹೋಯಿತೆಂದರೆ ಸೀದಾ ಹಿಂದಿನ ತೊಗರಿ ಹೊಲಕ್ಕೇ ಹೋಗುತ್ತಿತ್ತು. ಅದನ್ನು ತರಲು ಅವಳು ಐದನೇ ಸಲ ಹೊಲಕ್ಕೆ ಇಳಿದಿದ್ದಳು. ತೊಗರಿ ಗಿಡಗಳು ಅವಳಿಗಿಂತ ಎತ್ತರ.

ಸ್ವಲ್ಪ ಹೊತ್ತಿನ ಮೇಲೆ ಚೆಂಡು ಹಿಡಿದುಕೊಂಡು ಹೊರಬಂದಳು. ಬಂದವಳು ಒಮ್ಮೆ ತಿರುಗಿ ಮೈಕಿನ ಕಡೆ ನೋಡಿದಳು. ಮಹಾಮಾಯಾ ಕೈ ಬೀಸಿದಳು. ಮುನ್ನಿಬೀ ಬೀಸಲಿಲ್ಲ.

ದಣಿದಿರಬೇಕು ಅಂದುಕೊಂಡಳು ಮಹಾಮಾಯಾ. ಮೈಕು ಕೈಯಲ್ಲಿ ಇದ್ದಾಗ ಅವಳಿಗೆ ಬೇರೆ ಏನೂ ಹೊಳೆಯುತ್ತಿರಲಿಲ್ಲ.

ಮಹಾಮಾಯಾ ಆರನೇ ಕ್ಲಾಸು. ಆಟ ಅವಳಿಗೆ ಬರುವುದಿಲ್ಲ. ಓಡಿದರೆ ಹೊಟ್ಟೆ ಹಿಡಿದುಕೊಳ್ಳುತ್ತದೆ. ಆದರೆ ಬಾಯಿ ಮಾತ್ರ ಬಿಲ್ಕುಲ್ ದಣಿಯುವುದಿಲ್ಲ. ಅವಳ ಬಾಯಿಯನ್ನು ಕೆಲಸಕ್ಕೆ ಹಚ್ಚಿದವರು ಗೌಸೋದ್ದೀನ ಚಾಚಾ. ಮದುವೆ, ಜಯಂತಿ, ಟೂರ್ನಮೆಂಟು, ಎಲ್ಲಕ್ಕೂ ಡಾಬಕಾದಲ್ಲಿ ಅವರದೇ ಮೈಕು, ಅವರದೇ ಸ್ಪೀಕರು. ಬೇಸಿಗೆಯ ಕ್ರಿಕೆಟ್ಟಿನಲ್ಲಿ ಕಾಮೆಂಟ್ರಿ ಹೇಳುವವರೂ ಅವರೇ. ಒಂದು ಸಲ ಅವರ ಗಂಟಲು ಕಟ್ಟಿತು. ಪಕ್ಕದಲ್ಲಿ ನಿಂತು ಒಂದೇ ಸಮನೆ ವಟಗುಟ್ಟುತ್ತಿದ್ದ ಹುಡುಗಿಯ ಕೈಗೆ ಮೈಕು ಕೊಟ್ಟರು. ಅಂದಿನಿಂದ ಅವಳು ಅವರ ಶಿಷ್ಯೆ.

ಚಾಚಾ ಕಲಿಸಿದ್ದು ಒಂದೇ ಪಾಠ.

"ನೋಡು ಬೇಟಿ, ಮೈಕಿನ್ಯಾಗ ಸೋಲು ಹೇಳಬಾರದು. ಸೋಲು ಕೇಳಿದ್ರ ಮಂದಿ ಎದ್ದು ಹೋಗ್ತಾರ. ಮಂದಿ ಹೋದ್ರ ಮೈಕು ಯಾಕ ಬೇಕು?"

ಊರಿನ ಟೀಮು ಮೂವತ್ತೊಂದು ರನ್ನಿಗೆ ಔಟಾದಾಗ ಚಾಚಾ ಹೇಳಿದ್ದು ಹೀಗೆ: "ಮೂವತ್ತೊಂದು ರನ್‌ಗಳ ಭಾರೀ ಮೊತ್ತ!" ಕ್ಯಾಚ್ ಬಿಟ್ಟವನಿಗೂ "ಏನ್ ಪ್ರಯತ್ನ, ವಾಹ್!" ಎನ್ನುತ್ತಿದ್ದರು. ಕ್ಯಾಚ್ ಬಿಟ್ಟವನೇ ನಾಚಿ ನೆಲ ನೋಡುತ್ತಿದ್ದ.

ಅಮೆರಿಕಾದ ವಿಷಯ ಶುರುವಾದದ್ದು ಆಗಸ್ಟ್ ಹದಿನೈದರಂದು. ಆಗಿನ್ನೂ ಶಾಲೆಗೆ ಫುಟ್‌ಬಾಲು ಬಂದು ಒಂದು ವಾರ. ಆಟದ ಮಾಸ್ತರು ನಂದಕುಮಾರ ಸರ್ ಹುಡುಗಿಯರ ಟೀಮು ಕಟ್ಟಬೇಕೆಂದು ಹಟ ಹಿಡಿದಿದ್ದರು. ಅವರು ವಾಲಿಬಾಲ್ ಆಡಿದವರು. ಫುಟ್‌ಬಾಲು ಅವರಿಗೂ ಹೊಸದು.

"ಮಹಾಮಾಯಾ, ನಮ್ಮ ದೇಶದ ಹುಡುಗಿಯರು ಫುಟ್‌ಬಾಲ್ ಆಡ್ತಾರಲ್ಲ, ಅದರ ಬಗ್ಗೆ ಮೈಕಿನ್ಯಾಗ ನಾಕು ಮಾತು ಹೇಳವಾ. ಕೇಳಿದ್ರ ನಮ್ಮ ಹುಡುಗಿಯರಿಗೂ ಹುರುಪು ಬರ್ತದ," ಎಂದಿದ್ದರು.

ಮಹಾಮಾಯಾ ಅಪ್ಪನ ಮೊಬೈಲಿನಲ್ಲಿ ಹುಡುಕಿದಳು. ಹದಿನೇಳು ವರ್ಷದ ಒಳಗಿನ ಹುಡುಗಿಯರ ವರ್ಲ್ಡ್ ಕಪ್ ನಮ್ಮ ದೇಶದಲ್ಲೇ ನಡೆದಿತ್ತು, 2022ರಲ್ಲಿ. ಭುವನೇಶ್ವರದ ಮೈದಾನ, ಥಳಥಳ ಲೈಟು, ನೀಲಿ ಡ್ರೆಸ್ಸಿನ ನಮ್ಮ ಹುಡುಗಿಯರು. ಮೊದಲ ಮ್ಯಾಚು ಅಮೆರಿಕಾ ಜೊತೆ. ಅಮೆರಿಕಾ ಎಂಟು, ಇಂಡಿಯಾ ಸೊನ್ನೆ.

ಅವಳು ಮೊಬೈಲ್ ಮುಚ್ಚಿಟ್ಟಳು. ಇದನ್ನು ಮೈಕಿನಲ್ಲಿ ಹೇಗೆ ಹೇಳುವುದು?

ಧ್ವಜ ಹಾರಿತು. ಊರಿಗೆ ಊರೇ ಶಾಲೆಯ ಅಂಗಳದಲ್ಲಿ ಕೂತಿತ್ತು. ಮಹಾಮಾಯಾ ಮೈಕು ಹಿಡಿದಳು. ಬಾಯಿ ತಾನೇ ಮುಂದೆ ಹೋಯಿತು. "ಇಂಡಿಯಾ ಎಂಟು! ಅಮೆರಿಕಾ ಸೊನ್ನೆ!"

ಚಪ್ಪಾಳೆ ಎಂದರೆ ಅಂಥಿಂಥ ಚಪ್ಪಾಳೆಯಲ್ಲ. ಲಾಡು ಹಂಚುತ್ತಿದ್ದ ಸರ್ ಕೂಡ ಬುಟ್ಟಿ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿದ ಮೇಲೆ ಮಹಾಮಾಯಾ ಸುಮ್ಮನಿರುತ್ತಾಳೆಯೇ? "ನಮ್ಮ ಗೋಲ್‌ಕೀಪರ್ ಒಂದ್ ಗೋಲು ಸೈತ ಬಿಡ್ಲಿಲ್ಲ! ಬಾಲ್ ಎತ್ತಲಿಂದ ಬಂದ್ರೂ ಹಾರಿ ಹಿಡದಳು! ಅಮೆರಿಕಾದ ಹುಡುಗಿಯರು ಕೈ ಮುಗದ್ರು!" ಎಂದೂ ಸೇರಿಸಿದಳು.

ಮರುದಿನ ಮುನ್ನಿಬೀ ಸರ್ ಹತ್ತಿರ ಹೋದಳು. ಅವಳು ಮಹಾಮಾಯಾಳ ಜೀವದ ಗೆಳತಿ. ಶಾಲೆಯ ಖೋ-ಖೋದಲ್ಲಿ ಅವಳನ್ನು ಮೀರಿಸುವವರೇ ಇರಲಿಲ್ಲ.

"ಸರ್, ನಾ ಗೋಲ್‌ಕೀಪರ್ ಆಗ್ತೇನಿರಿ," ಎಂದಳು.

ಆಮೇಲೆ ಮಹಾಮಾಯಾಳಿಗೆ ಅಳುಕು ಹುಟ್ಟದೆ ಇರಲಿಲ್ಲ. ನಿಜವಾದ ಗೆಲುವು ಒಂದಾದರೂ ಸಿಕ್ಕರೆ ಸುಳ್ಳಿನ ಜಾಗದಲ್ಲಿ ಅದನ್ನು ಇಡಬಹುದು ಎಂದು ಆಗಾಗ ಮೊಬೈಲಿನಲ್ಲಿ ಹುಡುಕುತ್ತಿದ್ದಳು. ಅಕ್ಟೋಬರಿನಲ್ಲಿ ಸಿಕ್ಕಿತು. ಹದಿನೇಳರ ಒಳಗಿನ ನಮ್ಮ ಹುಡುಗಿಯರು ಉಜ್ಬೇಕಿಸ್ತಾನವನ್ನು ಎರಡು-ಒಂದರಿಂದ ಸೋಲಿಸಿ ಏಷ್ಯಾ ಕಪ್‌ಗೆ ಹೋಗುವ ಅರ್ಹತೆ ಗಳಿಸಿದ್ದರು. ಮಹಾಮಾಯಾ ಅದನ್ನು ಶಾಲೆಯಲ್ಲಿ ಹೇಳಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಮೆರಿಕಾಕ್ಕೆ ಹೊಡೆದ ಎಂಟರ ಮುಂದೆ ಉಜ್ಬೇಕಿಸ್ತಾನದ ಎರಡು ಯಾರಿಗೆ ಬೇಕು?

ಈಗ ಡಿಸೆಂಬರ್. ಔರಾದಿನಲ್ಲಿ ಹುಡುಗಿಯರ ಟೂರ್ನಮೆಂಟು. ಮೂರೇ ಟೀಮು: ಬೀದರ್, ಭಾಲ್ಕಿ, ಡಾಬಕಾ. ಒಂದೊಂದು ಟೀಮಿನಲ್ಲಿ ಏಳು ಮಂದಿ. ಕಪ್ ಕೊಟ್ಟವರು ಬೀಜ-ಗೊಬ್ಬರದ ಅಂಗಡಿಯ ಹಾವಗೆಪ್ಪ ಸಾವ್ಕಾರರು. ಅವರೇ ಮುಖ್ಯ ಅತಿಥಿ. ಬೆಳಿಗ್ಗೆ ಭಾಷಣಕ್ಕೆ ಮೊದಲು ಅವರು ಮಹಾಮಾಯಾಳನ್ನು ಕರೆದು, "ಹುಡುಗಿ, ಫುಟ್‌ಬಾಲ್‌ದು ನಂಗೇನೂ ಗೊತ್ತಿಲ್ಲವಾ. ಒಂದೆರಡು ಪಾಯಿಂಟ್ ಕೊಡು," ಎಂದರು. ಕೊಟ್ಟಳು. ಸಾವ್ಕಾರರು ಅಮೆರಿಕಾದ ಎಂಟು ಗೋಲನ್ನು ಭಾಷಣದಲ್ಲಿ ಎರಡು ಸಲ ಹೇಳಿದರು.

ಬೀದರ್ ಮ್ಯಾಚು ಮುಗಿಯಿತು. ಏಳು-ಸೊನ್ನೆ.

"ಏಳು ಗೋಲುಗಳ ರೋಚಕ ಪಂದ್ಯ!" ಎಂದು ಮೈಕಿನಲ್ಲಿ ಹೇಳಿ ಮಹಾಮಾಯಾ ನೀರು ಕುಡಿಯಲು ಎದ್ದಳು. ಅಷ್ಟರಲ್ಲಿ ನಂದಕುಮಾರ ಸರ್ ಬಿರಬಿರನೆ ಬಂದರು. ಅವರ ಕೈಯಲ್ಲಿ ಗೋಲ್‌ಕೀಪರಿನ ಕೈಗವಸುಗಳಿದ್ದವು.

"ಮುನ್ನಿ ಆಡಾಂಗಿಲ್ಲ ಅಂತಾಳ. ಯಾಕ ಅಂದ್ರ ಬಾಯಿ ಬಿಡವಲ್ಲಳು. ನೀ ಜರಾ ಹೋಗಿ ಮಾತಾಡವಾ."

"ಬ್ಯಾರೆ ಯಾರರೇ ನಿಲ್ಲಲ್ರಿ ಸರ್. ನಾ ನಿಲ್ಲಲೇನ್ರಿ?"

"ನಾವು ಹೆಸರು ಕೊಟ್ಟದ್ದು ಏಳೇ ಮಂದಿದು. ಒಬ್ಬಾಕಿ ಕಡಿಮಿ ಆದ್ರ ಟೀಮ್ ಔಟ್. ಭಾಲ್ಕಿ ಮ್ಯಾಚ್ ಆಡಲಾರದೇ ಊರಿಗೆ ಹೋಗಬೇಕಾಗ್ತದ." ಸರ್ ಕೈಗವಸುಗಳನ್ನು ಅವಳ ಕೈಗೆ ತುರುಕಿದರು.

ಮುನ್ನಿಬೀ ನೀರಿನ ಟಾಕಿಯ ಹಿಂದೆ, ನೆರಳಿನಲ್ಲಿ ಕೂತಿದ್ದಳು. ಮೊಣಕಾಲು ತರಚಿತ್ತು. ತೊಡೆಯ ಮೇಲೆ ಡಬ್ಬಿ ತೆರೆದಿತ್ತು, ರೊಟ್ಟಿ ಮತ್ತು ಶೇಂಗಾ ಹಿಂಡಿ ಹಾಗೇ ಇದ್ದವು.

"ಏ ಮುನ್ನಿ, ಎರಡನೇ ಹಾಫ್‌ನಾಗ ಎಂಥಾ ಮಸ್ತ್ ಹಿಡದಿ! ನಾ ಮೈಕಿನ್ಯಾಗ..."

"ನೀ ಸುಮ್ಮ ಕೂಡು," ಎಂದಳು ಮುನ್ನಿಬೀ.

ಮಹಾಮಾಯಾ ಸುಮ್ಮನೆ ಕೂತಳು. ಸುಮ್ಮನೆ ಕೂರುವುದು ಅವಳಿಗೆ ಮಹಾ ಕಷ್ಟ.

"ನಾ ಆಡಾಂಗಿಲ್ಲ. ಇವತ್ತಷ್ಟೇ ಅಲ್ಲ, ಎಂದೂ ಆಡಾಂಗಿಲ್ಲ. ನಾ ಖೋ-ಖೋದಾಗೇ ಛಲೋ ಇದ್ದೆ."

"ಒಂದ್ ಮ್ಯಾಚ್ ಸೋತ್ರ ಏನಾತು?"

"ಒಂದ್ ಮ್ಯಾಚ್ ಅಲ್ಲ!" ಮುನ್ನಿಬೀಯ ದನಿ ಒಡೆಯಿತು. ಕಣ್ಣೀರು ಬಂತು, ತೋಳಿನಿಂದ ಒರೆಸಿಕೊಂಡಳು. "ಆ ಇಂಡಿಯಾದ ಗೋಲ್‌ಕೀಪರೂ ಹುಡುಗಿನೇ ಅಲ್ಲೇನು? ಅಮೆರಿಕಾದ ಮುಂದ ನಿಂತು ಒಂದೂ ಬಿಡ್ಲಿಲ್ಲ. ನಾ ಬೀದರದ ಮುಂದ ಏಳು ಬಿಟ್ಟೆ. ನೀ ಮ್ಯಾಲಿಂದ ಪ್ರತಿ ಗೋಲಿಗೂ ಅಮೆರಿಕಾ ಅಮೆರಿಕಾ ಅಂತ ಒದರ್ತಿ. ತೊಗರಿ ಹೊಲದಾಗ ನಿಂತಾಗ ಸೈತ ಕೇಳಸ್ತಿತ್ತು. ನನ್ನ ಕೈಲಿ ಅದು ಆಗಾಂಗಿಲ್ಲ, ತಿಳೀತಿಲ್ಲೋ?"

ಹುರುಪು ಬರಲೆಂದು ಹೇಳಿದ ಮಾತು ಅದು. ಮುನ್ನಿಬೀ ಅದನ್ನು ನಾಲ್ಕು ತಿಂಗಳಿಂದ ಎದೆಯಲ್ಲಿಟ್ಟುಕೊಂಡು ಆಡಿದ್ದಳು.

ಹೇಳದೆ ಇದ್ದರೆ ಮುನ್ನಿಬೀ ಆಟ ಬಿಡುತ್ತಾಳೆ. ಹೇಳಿದರೆ ತನ್ನನ್ನೇ ಬಿಡಬಹುದು. ಮಹಾಮಾಯಾ ಕೈಗವಸುಗಳನ್ನು ಒಂದರ ಮೇಲೊಂದು ಇಟ್ಟಳು, ಮತ್ತೆ ಬೇರೆ ಮಾಡಿದಳು.

"ಮುನ್ನಿ, ಅದು ಸುಳ್ಳು."

"ಯಾವುದು?"

"ಎಂಟು ಹೊಡದದ್ದು ನಾವಲ್ಲ. ಅವರು. ನಮ್ಮ ಟೀಮಿಗೆ ಎಂಟು ಗೋಲು ಬಿದ್ದಾವ. ಕೈ ಮುಗದ್ರು ಅಂದದ್ದೂ ಸುಳ್ಳು. ಎಲ್ಲಾ ನಾನೇ ಹೇಳಿದ್ದು."

ಮುನ್ನಿಬೀ ಅವಳನ್ನೇ ನೋಡಿದಳು. ಸಿಟ್ಟು ಬಂದರೆ ಮುನ್ನಿಬೀ ಕೂಗಾಡುವುದಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿ ಇತ್ತು.

"ನಾ ಆ ಮಾತಿನ ಮ್ಯಾಲೇ ಗೋಲ್‌ಕೀಪರ್ ಆದೆ," ಎಂದಳು ನಿಧಾನವಾಗಿ.

"ಗೊತ್ತದ."

"ಗೊತ್ತಿದ್ದೂ ಹೇಳ್ಲಿಲ್ಲ."

"ಇಲ್ಲ."

ಆಚೆ ಕಡೆ ಬೀದರ್ ಮತ್ತು ಭಾಲ್ಕಿ ಟೀಮುಗಳ ಮ್ಯಾಚು ಶುರುವಾಗಿತ್ತು. ಗೌಸ್ ಚಾಚಾ ತಾವೇ ಕಾಮೆಂಟ್ರಿ ಹೇಳುತ್ತಿದ್ದರು. "ವಾಹ್ ವಾಹ್, ಏನ್ ಮಿಸ್ಸು!" ಎನ್ನುತ್ತಿದ್ದರು.

ಮುನ್ನಿಬೀ ಡಬ್ಬಿಯ ಮುಚ್ಚಳ ಹಾಕಿದಳು. ತೆಗೆದಳು. ಒಂದು ತುಂಡು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡಳು. ಮಹಾಮಾಯಾಳಿಗೆ ಕೊಡಲಿಲ್ಲ.

"ಎಂಟು ಬಿದ್ದ ಮ್ಯಾಲ ಏನ್ ಮಾಡಿದ್ರು?" ಎಂದು ಕೇಳಿದಳು.

"ಯಾರು?"

"ನಮ್ಮವರು. ಮನಿಗೆ ಹೋದ್ರಾ?"

"ಇಲ್ಲ. ಮುಂದಿನ ಮ್ಯಾಚ್ ಆಡಿದ್ರು, ಮೊರಾಕ್ಕೊ ಜೋಡಿ. ಮೂರು ಬಿದ್ದಾವ."

"ನಮ್ಮವರು ಎಷ್ಟು ಹೊಡದ್ರು?"

"ಒಂದೂ ಇಲ್ಲ."

"ಅದರ ಮುಂದ?"

"ಬ್ರೆಜಿಲ್ ಜೋಡಿ. ಐದು ಬಿದ್ದಾವ."

"ಅದರಾಗೂ ಹೊಡೀಲಿಲ್ಲ?"

"ಇಲ್ಲ. ಅಲ್ಲಿಗೆ ಮುಗೀತು."

ಮುನ್ನಿಬೀ ಬೆರಳು ಮಡಚಿ ಲೆಕ್ಕ ಹಾಕಿದಳು. ಒಂದು ಕೈ ಮುಗಿಯಿತು, ಇನ್ನೊಂದು ಕೈ ಮುಗಿಯಿತು, ಮತ್ತೆ ಮೊದಲ ಕೈಯೂ ಮುಗಿದು ಇನ್ನೊಂದು ಬೆರಳಿಗೆ ಬಂದಳು. "ಹದಿನಾರು," ಎಂದಳು. "ಯಾ ಅಲ್ಲಾ! ಟಿವಿಯಾಗ ಎಲ್ಲಾರೂ ನೋಡ್ಯಾರ ಅಲ್ಲೇನು?"

"ಹೂಂ. ಇಡೀ ದುನಿಯಾ ನೋಡ್ಯಾದ."

"ಆದ್ರೂ ಮೂರೂ ಮ್ಯಾಚ್ ಆಡಿದ್ರಾ?"

"ಆಡಿದ್ರು."

ಮುನ್ನಿಬೀ ಬಹಳ ಹೊತ್ತು ರೊಟ್ಟಿ ಅಗಿಯುತ್ತಾ ಕೂತಳು. ಆಮೇಲೆ ಕೈ ಝಾಡಿಸಿ, ಮಹಾಮಾಯಾಳ ತೊಡೆಯ ಮೇಲಿನ ಕೈಗವಸುಗಳನ್ನು ನೋಡಿದಳು.

"ಮೈಕಿನ್ಯಾಗ ಹೇಳು," ಎಂದಳು.

"ಏನು?"

"ಸುಳ್ಳು ಮೈಕಿನ್ಯಾಗ ಹೇಳಿದ್ದಿ. ಖರೇನೂ ಅದರಾಗೇ ಹೇಳು. ಹೇಳಿದ್ರ ಆಡ್ತೇನಿ. ಇಲ್ಲಾಂದ್ರ ಇಲ್ಲ."

"ಮುನ್ನಿ, ಹಾವಗೆಪ್ಪ ಸಾವ್ಕಾರ್ರು ಭಾಷಣದಾಗ ಹೇಳ್ಯಾರ. ಸರ್ ಅಲ್ಲೇ ಇದ್ದಾರ. ನಂದು ಮಾನ ಹೋಗ್ತದ."

"ನಂದು ಏಳು ಸಲ ಹೋಗ್ಯಾದ," ಎಂದಳು ಮುನ್ನಿಬೀ.

ಮಹಾಮಾಯಾ ಎದ್ದಳು. ಕೈಗವಸುಗಳನ್ನು ಮುನ್ನಿಬೀಯ ಮುಂದೆ ಇಟ್ಟಳು. ಮೈದಾನದ ಆ ತುದಿಯಿಂದ ಮೈಕಿನ ಟೇಬಲ್ಲಿಗೆ ಹೋಗುವ ದಾರಿ ಅಷ್ಟು ಉದ್ದವಿದೆ ಎಂದು ಬೆಳಿಗ್ಗೆ ಗೊತ್ತೇ ಆಗಿರಲಿಲ್ಲ.

ಬೀದರ್-ಭಾಲ್ಕಿ ಮ್ಯಾಚು ಮುಗಿದು ಡಾಬಕಾ ಮತ್ತು ಭಾಲ್ಕಿ ಟೀಮುಗಳನ್ನು ಕರೆಯುವ ಹೊತ್ತಾಯಿತು. ಗೌಸ್ ಚಾಚಾ ಮೈಕು ಅವಳ ಕೈಗೆ ಕೊಟ್ಟರು. "ತಗೋ ಬೇಟಿ. ಮಂದಿ ಮಬ್ಬಾಗ್ಯಾರ. ಜರಾ ಗರಂ ಮಾಡು."

"ಹಲೋ," ಎಂದಳು ಮಹಾಮಾಯಾ. ದನಿ ನಾಲ್ಕೂ ಸ್ಪೀಕರಿನಲ್ಲಿ ನಡುಗಿತು. "ಒಂದು ಮಾತು ಹೇಳೋದದರಿ. ಬೆಳಿಗ್ಗೆಯಿಂದ ನಾ ಅಮೆರಿಕಾಕ್ಕ ಎಂಟು ಗೋಲು ಅಂತ ಹೇಳ್ಲಿಕ್ಕತ್ತೀನಿ. ಅದು ಸುಳ್ಳರಿ. ಅಮೆರಿಕಾ ಎಂಟು, ಇಂಡಿಯಾ ಸೊನ್ನೆ. ಆಮ್ಯಾಲ ಮೊರಾಕ್ಕೊ ಮೂರು, ಇಂಡಿಯಾ ಸೊನ್ನೆ. ಬ್ರೆಜಿಲ್ ಐದು, ಇಂಡಿಯಾ ಸೊನ್ನೆ. ಉಲ್ಟಾ ಮಾಡಿ ಹೇಳಿದ್ದು ನಾನೇರಿ. ಸಾವ್ಕಾರ್ರಿಗೆ ಹೇಳಿದ್ದೂ ನಾನೇ. ಅವರದೇನೂ ತಪ್ಪಿಲ್ಲರಿ."

ಯಾರೋ ಹುಡುಗ ಸೀಟಿ ಹೊಡೆದ. ನಗು ಎದ್ದಿತು. ಭಾಲ್ಕಿಯ ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

ಹಾವಗೆಪ್ಪ ಸಾವ್ಕಾರರು ಕುರ್ಚಿಯಿಂದ ಅರ್ಧ ಎದ್ದರು. "ಏ ಹುಡುಗಿ! ನಾ ಸ್ಟೇಟಸ್ ಇಟ್ಟೀನಲ್ಲವಾ! ಪುಣೆದಾಗಿನ ನಮ್ಮ ಅಳಿಯ ಸೈತ ನೋಡಿ ಹಾರ್ಟ್ ಹಾಕ್ಯಾನ!" ಎಂದು ಮೊಬೈಲು ತೆಗೆದು ಕನ್ನಡಕ ಹುಡುಕತೊಡಗಿದರು. ನಂದಕುಮಾರ ಸರ್ ಸೀಟಿಯನ್ನು ಅಂಗಿಗೆ ಉಜ್ಜುತ್ತಾ ನಿಂತರು, ಅದು ಆಗಲೇ ಚೊಕ್ಕಟವಾಗಿತ್ತು. ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸಿತು ಮಹಾಮಾಯಾಳಿಗೆ.

"ತೋಬಾ ತೋಬಾ," ಎಂದರು ಗೌಸ್ ಚಾಚಾ. "ನನ್ನ ಧಂಧಾ ಮುಳುಗಿಸಿದಿ."

ಕೆಲವರು ಎದ್ದು ಚಹದ ಅಂಗಡಿಯ ಕಡೆ ಹೋದರು ಕೂಡ. ಚಾಚಾ ಹೇಳಿದ್ದು ಪೂರಾ ಸುಳ್ಳೇನೂ ಆಗಿರಲಿಲ್ಲ.

ಮಹಾಮಾಯಾಳಿಗೆ ಓಡಿಹೋಗಿ ಯಾವುದಾದರೂ ಮೂಲೆಯಲ್ಲಿ ಕೂರಬೇಕು ಅನ್ನಿಸಿತು. ಆದರೆ ಗೋಲಿನ ಕಂಬಗಳ ನಡುವೆ ಮುನ್ನಿಬೀ ಬಂದು ನಿಂತಿದ್ದಳು. ಕೈಗವಸಿನ ಪಟ್ಟಿಯನ್ನು ಹಲ್ಲಿನಿಂದ ಎಳೆದು ಬಿಗಿ ಮಾಡಿಕೊಳ್ಳುತ್ತಿದ್ದಳು. ಈ ಕಡೆ ನೋಡಲಿಲ್ಲ. ಆಡಲು ಬಂದಿದ್ದಾಳೆ, ಅಷ್ಟೇ. ತನಗಾಗಿ ಬಂದದ್ದಲ್ಲ ಎಂದು ಮಹಾಮಾಯಾಳಿಗೆ ಗೊತ್ತಾಯಿತು.

ಸೀಟಿ ಕೇಳಿಸಿತು.

ಆ ಮ್ಯಾಚಿನಲ್ಲಿ ಮಹಾಮಾಯಾ ಹೆಚ್ಚು ಮಾತಾಡಲಿಲ್ಲ. ಚೆಂಡು ಯಾರ ಹತ್ತಿರ ಇದೆ ಎಂದು ಹೇಳಿದಳು. ಗೋಲು ಬಿದ್ದಾಗ, "ಭಾಲ್ಕಿ ಒಂದು, ಡಾಬಕಾ ಸೊನ್ನೆ," ಎಂದಳು. ಎರಡಾದಾಗ ಎರಡು ಎಂದಳು. ಮಾತು ಕಡಿಮೆಯಾದ ಮೇಲೆ ಆಟ ಕಾಣತೊಡಗಿತು. ಮುನ್ನಿಬೀ ಖೋ-ಖೋದವಳ ಹಾಗೆ ಬಗ್ಗಿ ನಿಲ್ಲುತ್ತಾಳೆ. ಚೆಂಡು ಬರುವ ಮೊದಲೇ ಅವಳ ಎಡಗಾಲು ಹೊರಟಿರುತ್ತದೆ. ಬೆಳಿಗ್ಗೆಯೂ ಹಾಗೇ ನಿಂತಿದ್ದಳೋ ಏನೋ, ಮಹಾಮಾಯಾ ನೋಡಿರಲಿಲ್ಲ.

ಒಂದು ಚೆಂಡು ಮುನ್ನಿಬೀಯ ಮೊಣಕಾಲಿಗೆ ಬಡಿದು ಆಚೆ ಹಾರಿತು. ಇನ್ನೊಂದು ಎದೆಗೆ ಬಡಿಯಿತು. ಮೂರನೆಯದು ಕೈಯ ಕೆಳಗಿಂದ ಜಾರಿ ಒಳಗೆ ಹೋಯಿತು. ಮೂರು-ಸೊನ್ನೆ. ಮ್ಯಾಚು ಮುಗಿಯಿತು. ಕಪ್ ಬೀದರಿಗೆ ಹೋಯಿತು.

ಸಂಜೆ ಊರಿಗೆ ಹೋಗುವ ಕ್ರೂಸರ್ ಗಾಡಿಯಲ್ಲಿ ಎಲ್ಲರೂ ಇಕ್ಕಟ್ಟಾಗಿ ಕೂತರು. ಮುನ್ನಿಬೀ ಕಿಟಕಿಯ ಪಕ್ಕ ಕೂತು ಪಕ್ಕದ ಜಾಗದಲ್ಲಿ ತನ್ನ ಚೀಲ ಇಟ್ಟಿದ್ದಳು. ಮಹಾಮಾಯಾ ಎದುರು ಸೀಟಿನ ಅಂಚಿನಲ್ಲಿ ಕೂತಳು. ಯಾರೂ ಅವಳನ್ನು ಮಾತಾಡಿಸಲಿಲ್ಲ. ಎಕಂಬಾ ಊರು ದಾಟಿದ ಮೇಲೆ ಒಬ್ಬೊಬ್ಬರೇ ತೂಕಡಿಸತೊಡಗಿದರು.

"ಏ," ಎಂದಳು ಮುನ್ನಿಬೀ.

ಮಹಾಮಾಯಾ ತಲೆ ಎತ್ತಿದಳು.

"ಉಜ್ಬೇಕಿಸ್ತಾನದ್ದು ಹೇಳಿದ್ದಿಯಲ್ಲ. ಅದೂ ಸುಳ್ಳೇನು?"

"ಅಲ್ಲ. ಅದು ಖರೇ. ಎರಡು-ಒಂದು."

"ಹದಿನಾರು ಬಿದ್ದಿತ್ತಲ್ಲ, ಅವರೇ ಗೆದ್ದರಾ?"

"ಅಲ್ಲ. ಅವರಿಗೆ ಹದಿನೇಳು ದಾಟಿತ್ತು. ದಾಟಿದ್ರ ಆ ಟೀಮಿನ್ಯಾಗ ಆಡಲಿಕ್ಕೆ ಬರಾಂಗಿಲ್ಲ. ಇವರು ಬ್ಯಾರೆ ಹುಡುಗಿಯರು."

ಮುನ್ನಿಬೀ ಹುಬ್ಬು ಗಂಟಿಕ್ಕಿದಳು. "ಹಂಗಾರ ಆ ಮೊದಲಿನವರಿಗೆ ಏನ್ ಸಿಕ್ತು?"

ಮಹಾಮಾಯಾಳ ಬಾಯಿಗೆ ಒಂದಲ್ಲ, ನಾಲ್ಕು ಒಳ್ಳೊಳ್ಳೆ ಮಾತು ಬಂದವು. ಒಂದಕ್ಕಿಂತ ಒಂದು ಛಲೋ. ಮೈಕಿನಲ್ಲಿ ಹೇಳಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಅವಳು ಅವನ್ನೆಲ್ಲ ನುಂಗಿಕೊಂಡಳು.

"ಗೊತ್ತಿಲ್ಲ," ಎಂದಳು.

ಗಾಡಿ ಒಂದು ತಗ್ಗಿನಲ್ಲಿ ಇಳಿದು ಎದ್ದಿತು. ಮುನ್ನಿಬೀ ಮತ್ತೆ ಕೇಳಿದಳು. "ಉಜ್ಬೇಕಿಸ್ತಾನದವರು ಒಂದ್ ಹೊಡದಾರಲ್ಲ. ನಮ್ಮ ಗೋಲ್‌ಕೀಪರಿಗೆ ಅದು ಹ್ಯಾಂಗ ತಪ್ಪಿತು? ಕೆಳಗಿಂದ ಬಂತೋ, ಮ್ಯಾಲಿಂದೋ?"

ಮುನ್ನಿಬೀಗೆ ಅದು ನಿಜವಾಗಿಯೂ ಬೇಕಾಗಿತ್ತು. ಅವಳು ಮುಂದಕ್ಕೆ ಬಾಗಿ ಕೇಳುತ್ತಿದ್ದಳು, ಕೈ ತನ್ನಷ್ಟಕ್ಕೆ ಚೆಂಡು ಹಿಡಿಯುವ ಹಾಗೆ ಮುಂದೆ ಬಂದಿತ್ತು.

"ನಾ ನೋಡಿಲ್ಲ," ಎಂದಳು ಮಹಾಮಾಯಾ. "ಖಾಲಿ ಸ್ಕೋರ್ ಅಷ್ಟೇ ನೋಡೀನಿ."

ಮುನ್ನಿಬೀ ಪಕ್ಕದ ಜಾಗದಿಂದ ಚೀಲ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು.

"ನಾಳಿ ನಿಮ್ಮಪ್ಪನ ಮೊಬೈಲ್ ಇಸ್ಕೋ. ಕೂಡೇ ನೋಡೂಣು," ಎಂದಳು. "ನೀ ನಡುವ ಏನೂ ಹೇಳಬ್ಯಾಡ."

ಮಹಾಮಾಯಾ ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂತಳು. ಡಾಬಕಾ ಬರುವವರೆಗೂ ಏನೂ ಹೇಳಲಿಲ್ಲ.